ನಾಲ್ಕು ಗಂಟೆಯ ಕಲ್ಲು

ಮಧ್ಯಾಹ್ನ ಊಟದ ಹೊತ್ತಿಗೆ ಹಿಡಿದ ಮಳೆ ಸಂಜೆಯಾದರೂ ಬಿಡುವ ಲಕ್ಷಣ ತೋರಲಿಲ್ಲ. ಬೆಟ್ಟದ ಸೊಂಟದಲ್ಲಿರುವ ತಂಗುಮನೆಯಲ್ಲಿ ನಾವು ಐವರು ಸಿಕ್ಕಿಹಾಕಿಕೊಂಡಿದ್ದೆವು. ರಜೆ ಹಾಕಿ ನಡೆಯಲು ಬಂದಿದ್ದ ಒಬ್ಬ ನರ್ಸ್, ಅವರ ತಮ್ಮ, ಕನ್ನಡಕದಂಗಡಿ ನಡೆಸುವ ಗಂಡಹೆಂಡತಿ, ಮತ್ತೆ ನಾನು. ಒಲೆಯ ಸುತ್ತ ಒದ್ದೆ ಬೂಟುಗಳನ್ನು ಸಾಲಾಗಿಟ್ಟು, ಹಗ್ಗದ ಮೇಲಿನ ಕಾಲುಚೀಲಗಳಿಂದ ಆವಿ ಏಳುವುದನ್ನೇ ನೋಡುತ್ತ ಕೂತಿದ್ದೆವು. ಮೂಲೆಯ ಕುರ್ಚಿಯಲ್ಲಿ ಒಬ್ಬ ಅಜ್ಜ ಇದ್ದರು. ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ. ಎಂಬತ್ತರ ಹತ್ತಿರ ಬಂದರೂ ಪ್ರತಿವರ್ಷ ಇಲ್ಲಿಗೆ ಬರುತ್ತಾರಂತೆ. ನರ್ಸಿನ ತಮ್ಮ ನಕ್ಷೆ ಬಿಡಿಸಿ, ನಾಳೆ ಮರದ ಸೇತುವೆ ದಾಟಿ ಶಿಖರಕ್ಕೆ ಹೋಗೋಣ ಎಂದಾಗ ಅಜ್ಜ ಕುರ್ಚಿಯನ್ನು ಒಲೆಯ ಹತ್ತಿರ ಎಳೆದುಕೊಂಡರು.

"ಆ ದಾರೀಲಿ ಹೋಗೋದಾದ್ರೆ ಒಂದು ವಿಷಯ ಹೇಳಿಬಿಡ್ತೀನಿ ಕೇಳಿ. ನಂಬಲೇಬೇಕು ಅಂತೇನಿಲ್ಲ...

"ನಮ್ಮಕ್ಕನ ಗಂಡ, ನನ್ನ ಭಾವ, ಪೋಸ್ಟ್‌ಮ್ಯಾನ್ ಆಗಿದ್ರು. ವರ್ಷವೆಲ್ಲಾ ಬೀದಿಬೀದಿ ಸುತ್ತಿ ಕಾಗದ ಹಂಚೋರು, ಹದಿನೈದು ದಿನ ರಜ ಸಿಕ್ಕಿದ್ರೆ ಏನು ಮಾಡಬೇಕು ಹೇಳಿ? ಕಾಲು ಚಾಚಿ ಮಲಗಬೇಕು. ಇವರು ಬೆಟ್ಟ ಹತ್ತೋರು. 'ಕಾಲಿಗೆ ರಜ ಕೊಡಿ ಅಂದ್ರೆ ತಲೆಗೆ ಕೊಟ್ಟಿದ್ದಾರೆ' ಅಂತ ಅಕ್ಕ ಬೈಯೋಳು. ನಡೆದ ದಾರಿನೆಲ್ಲಾ ಒಂದು ಪುಸ್ತಕದಲ್ಲಿ ಬರೆದು, ಮರಕ್ಕೊಂದು ಬಂಡೆಗೊಂದು ಮನೆ ನಂಬರ್ ಕೊಡೋದು ಅವರ ಹವ್ಯಾಸ. ಜೊತೆಗೆ ನಾನು. ನನ್ನನ್ನ ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಮುಳ್ಳು' ಅನ್ನೋರು, ಗಡಿಯಾರದ ಮುಳ್ಳು.

"ಮೂವತ್ತೈದು ವರ್ಷದ ಹಿಂದೆ ಇದೇ ತಂಗುಮನೇಲಿ ಇಳಕೊಂಡು, ಆ ಸೇತುವೆ ದಾಟಿ ಹತ್ತಿದ್ವಿ. ಮಂಜು ಅಂದ್ರೆ ಮಂಜು, ಮುಂದೆ ಹೋಗೋರ ಬೆನ್ನು ಕಾಣೋದಿಲ್ಲ. ಮೇಲೊಂದು ಚಪ್ಪಟೆ ಕಲ್ಲು ಸಿಗುತ್ತೆ, ಅದರ ಮೇಲೆ ಒಬ್ಬ ಹೆಂಗಸು ಕೂತಿದ್ರು, ಮೊಣಕಾಲ ಮೇಲೆ ಕೈ ಇಟ್ಕೊಂಡು, ಬಸ್ಸಿಗೆ ಕಾಯೋರ ಹಾಗೆ. ಟೈಮೆಷ್ಟು ಅಂತ ಕೇಳಿದ್ರು. ಒಂದೂವರೆ ಅಂದೆ. ಹಾಗಾದ್ರೆ ಇನ್ನೂ ಹೊತ್ತಿದೆ ಅಂದ್ರು. ಅವರ ಯಜಮಾನರು ಶಿಖರ ನೋಡ್ಕೊಂಡು ಬರ್ತೀನಿ, ನಾಲ್ಕಕ್ಕೂ ಬರಲಿಲ್ಲ ಅಂದ್ರೆ ನೀನು ಇಳಿದುಬಿಡು ಅಂತ ಹೇಳಿ ಹೋಗಿದ್ದಾರಂತೆ, ವಾಚು ಇರೋದು ಅವರ ಕೈಲೇ. ಫ್ಲಾಸ್ಕಿಂದ ಚಹಾ ಕೊಡೋಕೆ ಹೋದೆ, ನಕ್ಕು ಬೇಡ ಅಂದ್ರು.

"ಕಾಡಿನ ದಾರಿ ಹಿಡಿದು ವಾಪಸ್ ಬಂದು ಇಲ್ಲಿಯ ಮೇಟಿಗೆ ಹೇಳಿದ್ವಿ. ಮೇಟಿ ಅಂದ್ರೆ ಆಗ ಈ ಮನೆ ನೋಡ್ಕೊಳ್ತಿದ್ದೋನು. ಅವನು ತರಕಾರಿ ಹೆಚ್ಚೋದು ನಿಲ್ಲಿಸಿ, 'ಎಷ್ಟು ಗಂಟೆ ಅಂತ ಹೇಳಿದ್ರಿ?' ಅಂತ ಕೇಳಿದ. ಒಂದೂವರೆ ಅಂದ್ಮೇಲೆ ಮತ್ತೆ ಚಾಕು ಕೈಗೆ ತಗೊಂಡ. ಆ ಗಂಡ ಆಚೆ ಬದಿಯಲ್ಲಿ ಜಾರಿ ಬಿದ್ದು ಹೋಗಿ ಆಗಲೇ ಇಪ್ಪತ್ತು ವರ್ಷವಂತೆ. ಟೈಮ್ ಗೊತ್ತಾಗದೆ ಈಕೆ ಅಲ್ಲೇ ಕೂತಿದ್ದು, ಚಳಿಗೆ... ಎರಡು ದಿನ ಆದ್ಮೇಲೆ ಸಿಕ್ಕಿದ್ರಂತೆ. ಈಗ ಅವರು ಯಾರನ್ನ ಕೇಳಿದ್ರೂ ನಾಲ್ಕರ ಒಳಗಿನ ಟೈಮೇ ಹೇಳಬೇಕು. ಯಾಕೆ? ಅದು ಅವನಿಗೂ ಗೊತ್ತಿರಲಿಲ್ಲ. ಹಿಂದಿನೋರು ಹಾಗೆ ಹೇಳಿದ್ರು, ಅಷ್ಟೇ.

"ನನಗೆ ಮೈ ಜುಮ್ ಅಂತು. ಭಾವನಿಗೆ? ಮರುಕ. ಇಪ್ಪತ್ತು ವರ್ಷ ಒಂದು ಹೆಣ್ಣುಜೀವಾನ ಕಲ್ಲಿನ ಮೇಲೆ ಕೂರಿಸಿಬಿಟ್ಟಿದ್ದಾರಲ್ಲಾ ಅಂತ ಊಟ ಮಾಡಲಿಲ್ಲ. ಮಾರನೇ ದಿನ ನೆಟ್ಟಗೆ ಆ ಕಲ್ಲಿಗೇ ಹೋದ್ರು, ನಾನು ಹಿಂದೆ. ಅವರು ಅಲ್ಲೇ ಇದ್ರು, ಹಾಗೇ. ಟೈಮ್ ಕೇಳಿದ್ರು. ನನ್ನ ವಾಚಲ್ಲಿ ಎರಡೂ ಐವತ್ತು. ನಾನು ಬಾಯಿ ತೆಗೆಯೋದರೊಳಗೆ ಭಾವ ಹೇಳಿಬಿಟ್ರು, 'ನಾಲ್ಕೂ ಹತ್ತಾಯ್ತು ತಾಯೀ. ನೀವಿನ್ನು ಇಳೀಬಹುದು.'

"ಅಷ್ಟು ವರ್ಷ ಗಡಿಯಾರ ರಿಪೇರಿ ಮಾಡ್ಕೊಂಡು ಬಂದೋನು ನಾನು... ತಪ್ಪು ಟೈಮ್ ಕಿವಿಗೆ ಬಿದ್ರೂ ಸುಮ್ಮನಿದ್ದೆ.

"ಅವರು ಒಂದು ಗಳಿಗೆ ಮೇಲಿನ ದಾರಿ ನೋಡಿದ್ರು. ಎದ್ದು ಬಟ್ಟೆ ಕೊಡವಿಕೊಂಡು ನಮ್ಮ ಜೊತೆ ಹೊರಟ್ರು. ನಾನು ಮುಂದೆ, ಅವರು ನಡುವೆ, ಭಾವ ಹಿಂದೆ. ಕಾಲ್ಸಪ್ಪಳ ಕೇಳಲಿಲ್ಲ ಅಂದ್ಕೊಂಡ್ರಾ? ಚೆನ್ನಾಗಿ ಕೇಳ್ತು. ಕಲ್ಲುಚೂರು ಉರುಳೋದೂ ಕೇಳ್ತು. ಅಡುಗೆಮನೆ ಕಿಟಕಿ ಹಾಕಿದ್ನೋ ಇಲ್ವೋ, ಹಾಲಿನೋನಿಗೆ ಹೇಳಿ ಬಂದಿಲ್ಲ, ಅಂತೆಲ್ಲಾ ಆಕೆ ಮಾತಾಡ್ತಾ ಬಂದ್ರು. ಸೇತುವೆ ದಾಟಿ ತಿರುಗಿ ನೋಡಿದ್ರೆ ಭಾವ ಒಬ್ಬರೇ. ಕಣ್ಣಲ್ಲಿ ನೀರು, ಮುಖದ ತುಂಬಾ ನಗು. 'ತಲುಪಿದ್ರು ಮುಳ್ಳು' ಅಂದ್ರು.

"ಆ ವರ್ಷವೆಲ್ಲಾ ಭಾವನ ನಡಿಗೆಯೇ ಬೇರೆ ಆಗಿತ್ತು. ಮುಂದಿನ ರಜಕ್ಕೆ ಖುಷಿಯಾಗಿ ಬಂದ್ವಿ. ಮೇಟಿ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಬಾಯಿಬಿಟ್ಟ. ಹಿಂದಿನ ಸಲ ನಾವು ಊರಿಗೆ ಹೋದ ಮೇಲೆ, ದಾರಿ ತಪ್ಪಿದ ಯಾರನ್ನೋ ಹುಡುಕ್ಕೊಂಡು ಅವನು ಸಂಜೆ ಆ ಕಲ್ಲಿನ ಹತ್ತಿರ ಹೋಗಿದ್ನಂತೆ. ನಾಲ್ಕರೊಳಗೆ ಎಲ್ಲರೂ ಕೆಳಗಿರಬೇಕು ಅನ್ನೋದು ಇಲ್ಲಿಯ ನಿಯಮ, ಹಾಗಾಗಿ ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾರೂ ಹೋದೋರೇ ಇಲ್ಲ. ಅಲ್ಲೊಬ್ಬ ಗಂಡಸು ಕಲ್ಲಿನ ಸುತ್ತ ಹುಡುಕ್ತಿದ್ನಂತೆ. ದಿನಾ ನಾಲ್ಕಕ್ಕೆ ಬರ್ತೀನಿ, ದಿನಾ ಇಲ್ಲೇ ಕೂತಿರ್ತಾಳೆ, ಇವತ್ತೆಲ್ಲಿ ಹೋದ್ಲು, ಅಂತ ಕೇಳಿದ್ನಂತೆ.

"ಅರ್ಥ ಆಯ್ತಾ? ಆ ಮನುಷ್ಯ ಒಂದು ದಿನವೂ ತಪ್ಪಿಸಿರಲಿಲ್ಲ... ಆಕೆ ಕಾದದ್ದು ಯಾವತ್ತೂ ನಾಲ್ಕರವರೆಗೆ ಮಾತ್ರ.

"ಭಾವ ಎದ್ದು ಹೋಗಿ ಆ ಕಲ್ಲಿನ ಮೇಲೆ ಕೂತ್ರು. ನಾನು ಸ್ವಲ್ಪ ಕೆಳಗೆ ನಿಂತಿದ್ದೆ. ಸರಿಯಾಗಿ ನಾಲ್ಕಕ್ಕೆ ಬಂಡೆಸಂದಿಯಿಂದ ಒಬ್ಬರು ಇಳಿದು ಬಂದ್ರು, ಏದುಸಿರು ಬಿಡ್ತಾ, ಅಬ್ಬ ತಡ ಆಗಲಿಲ್ಲ ಅನ್ನೋ ಸಂತೋಷ ಮುಖದಲ್ಲಿ. ಆ ಸಂತೋಷ ನಾನು ನೋಡಬಾರದಿತ್ತು ಕಣ್ರಪ್ಪ. ಭಾವ ಎದ್ದು ನಿಂತು ಹೇಳಿದ್ರು, 'ಅವರು ಹೋದ್ರು ಸ್ವಾಮಿ. ನಾನೇ ಸುಳ್ಳು ಹೇಳಿ ಕಳಿಸಿಬಿಟ್ಟೆ.'

"ಬೈದಿದ್ರೆ ಚೆನ್ನಾಗಿತ್ತು. ಆ ಮನುಷ್ಯ ವಾಚು ನೋಡ್ಕೊಂಡು, ಕಲ್ಲಿನ ಮೇಲೆ ಕೂತು, 'ಹಾಗಾದ್ರೆ ಸ್ವಲ್ಪ ಹೊತ್ತು ನೀವಿರಿ. ಒಬ್ಬನೇ ಕೂತು ಅಭ್ಯಾಸ ಇಲ್ಲ' ಅಂದ್ರು. ಬೆಳಕು ಇಳಿಯೋವರೆಗೂ ಇಬ್ಬರೂ ಕೂತಿದ್ರು. ಆಮೇಲೆ ಭಾವ ಒಬ್ಬರೇ ಇದ್ರು.

"ಅಲ್ಲಿಂದ ಮುಂದಕ್ಕೆ ಭಾವ ಸಿಕ್ಕಿದ ರಜವೆಲ್ಲಾ ಆ ಕಲ್ಲಿಗೇ ಹಾಕಿದ್ರು. ರಿಟೈರ್ ಆದ್ಮೇಲೆ ಈ ತಂಗುಮನೇಲೇ ಕೆಲಸಕ್ಕೆ ಸೇರಿ, ಮಳೆಯಿರಲಿ ಚಳಿಯಿರಲಿ, ಮೂರೂವರೆಗೆ ಹೊರಡೋರು. ಅಕ್ಕ ಬೈದಳು, ಅತ್ತಳು, ಕೊನೆಗೆ ಸ್ವೆಟರ್ ಹೆಣೆದು ಕಳಿಸಿದಳು. ಒಂದಲ್ಲ, ಎರಡು.

"ಆರು ವರ್ಷದ ಹಿಂದೆ ಭಾವ ಹೋಗಿಬಿಟ್ರು. ಜ್ವರ ಅಂತ ಮನೆಗೆ ಬಂದಿದ್ರು, ಅವರದೇ ಹಾಸಿಗೇಲಿ, ಅಕ್ಕನ ಕೈ ಹಿಡ್ಕೊಂಡು, ನೆಮ್ಮದಿಯಾಗಿ. ಕಲ್ಲು ಖಾಲಿ ಬಿಡಬಾರದಲ್ಲ, ಇನ್ನು ನಾನೇ ಕೂರಬೇಕು ಅಂತ ವಾರ ಕಳೆದ ಮೇಲೆ ಬಂದೆ. ಮೂರೂ ಮುಕ್ಕಾಲಿಗೆ ಏದುಸಿರು ಬಿಡ್ತಾ ಹತ್ತಿ ನೋಡ್ತೀನಿ... ಕಲ್ಲಿನ ಮೇಲೆ ಆಗಲೇ ಒಬ್ಬರು ಕೂತಿದ್ದಾರೆ. ಅಕ್ಕ ಹೆಣೆದ ಸ್ವೆಟರ್ ಹಾಕ್ಕೊಂಡು. 'ನೀನ್ಯಾಕೆ ಇಷ್ಟು ಬೇಗ ಬಂದೆ ಮುಳ್ಳು?' ಅಂತ ಕೇಳಿದ್ರು."

ಅಜ್ಜ ಒಲೆಗೆ ಒಂದು ಸೌದೆ ತಳ್ಳಿದರು. ನರ್ಸಿನ ತಮ್ಮ ನಕ್ಷೆಯನ್ನು ಸದ್ದಿಲ್ಲದೆ ಮಡಚಿಕೊಂಡ.

"ಮಡಚಬೇಡಪ್ಪಾ, ಮಳೆ ಬಿಟ್ರೆ ಹೋಗಿ. ಭಯ ಏನಿಲ್ಲ. ಇಬ್ಬರು ಕೂತು ಮಾತಾಡ್ತಿದ್ರೆ ನಮಸ್ಕಾರ ಅನ್ನಿ, ಅವರೂ ಅಂತಾರೆ. ಆದ್ರೆ ಎಷ್ಟೇ ಸುಸ್ತಾಗಿದ್ರೂ... ಕಲ್ಲಿನ ಎಡತುದೀಲಿ ಒಬ್ಬರು ಕೂರೋವಷ್ಟು ಜಾಗ ಕಾಣುತ್ತೆ, ಅಲ್ಲಿ ಮಾತ್ರ ಕೂರಬೇಡಿ. ಮೊನ್ನೆ ನಾನು ಹೋದಾಗ ಭಾವ ಅದನ್ನ ಅಂಗೈಯಿಂದ ಒರೆಸಿ ಇಟ್ಟಿದ್ರು. ನನಗೆ."