ಒಮ್ಮೆ ಮಾತ್ರ ಬಂದ ಉತ್ತರ

ಇವತ್ತಿನ ಪ್ರವಚನವನ್ನು ಒಂದು ಪಟ್ಟಣದಲ್ಲಿ ಒಬ್ಬ ಸಿರಿವಂತನಿದ್ದ ಅಂತ ಶುರು ಮಾಡಿದರೆ ನೀವು ಬಂಗಾರ, ಬಂಗಲೆ ಅಂದುಕೊಳ್ಳುತ್ತೀರಿ. ಇವನ ಸಿರಿ ಬೇರೆ. ಇವನು ಹೆಸರಿನ ಸಿರಿವಂತ. ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಮನೆಯ ಕಪಾಟು ತೆಗೆದರೆ ಸನ್ಮಾನದ ಶಾಲುಗಳು ಜಾರಿ ಮೈಮೇಲೆ ಬೀಳುತ್ತಿದ್ದವು. ಅಷ್ಟು ಹೆಸರು.

ಅವನ ಕೆಲಸ ಏನು? ಕ್ಯಾನ್ಸರ್ ಗಡ್ಡೆಯ ಒಂದು ಚೂರನ್ನು ಪರೀಕ್ಷೆ ಮಾಡಿದರೆ ಅದರಿಂದ ಸಾವಿರಾರು ಅಂಕಿಗಳು ಬರುತ್ತವೆ. ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು, ಈ ರೋಗಿಗೆ ಇರುವ ಎರಡು ಔಷಧಗಳಲ್ಲಿ ಯಾವುದು ಹತ್ತುತ್ತದೆ, ಅಂದರೆ ಗುಣ ಕೊಡುತ್ತದೆ, ಅಂತ ಮೊದಲೇ ಹೇಳಿಸಬೇಕು. ಪುಣ್ಯದ ಕೆಲಸ. ಅದರಲ್ಲಿ ಅನುಮಾನವಿಲ್ಲ.

ಅದಕ್ಕೆ ಅವನ ಹತ್ತಿರ ಎರಡು ಪಟ್ಟಿಗಳಿದ್ದವು. ಹಿಂದೆ ಚಿಕಿತ್ಸೆ ಪಡೆದ ರೋಗಿಗಳ ಗಡ್ಡೆಯ ಅಂಕಿಗಳು ಒಂದರಲ್ಲಿ. ಆ ರೋಗಿಗಳಿಗೆ ಯಾವ ಔಷಧ ಹತ್ತಿತು ಎಂಬುದು ಇನ್ನೊಂದರಲ್ಲಿ. ಇಲ್ಲಿಯ ಮೊದಲ ಸಾಲಿನವನೇ ಅಲ್ಲಿಯೂ ಮೊದಲ ಸಾಲಿನಲ್ಲಿರಬೇಕು. ಅಷ್ಟೇ ಕಟ್ಟಳೆ. ವರ್ಷಗಟ್ಟಲೆ ಲೆಕ್ಕ ಹಾಕಿದ. ಉತ್ತರ ಬರಲಿಲ್ಲ. ಬರದಿದ್ದಾಗಲೆಲ್ಲ ಎಲ್ಲಿ ತಪ್ಪಿದೆ ಅಂತ ಹುಡುಕಿದ, ತಿದ್ದಿದ, ಮತ್ತೆ ಹುಡುಕಿದ. ಒಂದು ದಿನ ಕಣ್ಣಿಗೆ ಅನುಕೂಲವಾಗಲಿ ಅಂತ ಗಡ್ಡೆಯ ಅಂಕಿಗಳ ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ. ಇನ್ನೊಂದನ್ನು ಜೋಡಿಸಲು ಮರೆತ. ನೋಡಿ, ಇಷ್ಟೇ ಆದದ್ದು. ಒಬ್ಬರ ಗಡ್ಡೆ ಇನ್ನೊಬ್ಬರ ಔಷಧದ ಎದುರು ಹೋಗಿ ಕೂತಿತು. ಕಂಪ್ಯೂಟರ್ ತಕರಾರು ಮಾಡಲಿಲ್ಲ. ಅದು ಕೊಟ್ಟದ್ದನ್ನು ಕೂಡಿಸುತ್ತದೆ, ಕಳೆಯುತ್ತದೆ, ಯಾರದು ಅಂತ ಕೇಳುವುದಿಲ್ಲ.

ಕಲಸಿಹೋದ ಪಟ್ಟಿಯಿಂದ ಚಂದದ ಉತ್ತರ ಬರುತ್ತದೆಯೇ? ಬರುತ್ತದೆ ಸ್ವಾಮಿ. ಬೇಕಾದದ್ದು ಸಿಗುವ ತನಕ ತಿರುವಿ ಹಾಕುತ್ತಾ ಕೂತರೆ ಏನಾದರೊಂದು ಬಂದೇ ಬರುತ್ತದೆ. ಬಂತು. ಆ ದಿನ ಇಡೀ ವಿಭಾಗಕ್ಕೆ ಪೇಡೆ ಹಂಚಿದ. ಬೇಡದ ಉತ್ತರ ಬಂದಾಗ ಅಷ್ಟು ಸಲ ಹುಡುಕಿದವನು, ಬೇಕಾದ ಉತ್ತರ ಬಂದಾಗ ಒಂದು ಸಲವಾದರೂ ಹುಡುಕಿದನೇ? ಇಲ್ಲ. ಯಾಕೆ ಹುಡುಕುತ್ತಾನೆ? ನೀವಾದರೂ ಹುಡುಕುತ್ತಿದ್ದಿರಾ?

ಪ್ರಬಂಧ ಅಚ್ಚಾಯಿತು. ಶಾಲುಗಳು ಬಂದವು. ಆಮೇಲೆ ಪಕ್ಕದ ಜಿಲ್ಲೆಯ ಆಸ್ಪತ್ರೆಯಿಂದ ಒಬ್ಬ ಡಾಕ್ಟರಮ್ಮ ಅವನನ್ನು ಹುಡುಕಿಕೊಂಡು ಬಂದರು. ಸಾಧಾರಣ ಸೀರೆ, ಬಸ್ಸಿನಲ್ಲಿ ಬಂದ ಆಯಾಸ. ಕೂತವರೇ ವಿಷಯಕ್ಕೆ ಬಂದರು.

“ಸರ್, ನಿಮ್ಮ ಪೇಪರ್ ಹಿಡಕೊಂಡು ನಾವೂ ಲೆಕ್ಕ ಮಾಡಿದ್ವಿರಿ. ನಿಮಗ ಬಂದ ಉತ್ತರ ನಮಗ ಬರವಲ್ದು. ಮೊದಲಿನಿಂದ ಕಡೀತನಕ ನನ್ನ ಮುಂದ ಒಮ್ಮೆ ಮಾಡಿ ತೋರಸ್ರಿ.”

ಅವನಿಗೆ ಮುಳ್ಳು ಚುಚ್ಚಿದಂತಾಯಿತು. ತನ್ನನ್ನು ಪರೀಕ್ಷೆ ಮಾಡಲು ಇವರ್‍ಯಾರು?

“ಪೇಪರಿನಾಗ ಎಲ್ಲಾ ಬರದೇನಲ್ಲ, ಡಾಕ್ಟರೇ. ದೊಡ್ಡ ದೊಡ್ಡವರು ಓದಿ ಒಪ್ಪ್ಯಾರ.”

“ಓದ್ಯಾರ್ರಿ. ಮಾಡಿ ನೋಡ್ಯಾರೇನ್ರಿ?”

“ನಿಮ್ಮ ಕಡೆ ಸಾಫ್ಟ್‌ವೇರ್ ಹಳೇದಿರಬೇಕು. ನನ್ನ ಕಂಪ್ಯೂಟರಿನಾಗ ಸರಿಯಾಗೇ ಬಂದದ.”

ಬಂದದ, ಅಂದ. ಬರುತ್ತದೆ ಅನ್ನಲಿಲ್ಲ. ಅವನು ಅದನ್ನು ಎರಡನೆಯ ಸಲ ಮಾಡಿಯೇ ಇರಲಿಲ್ಲ. ಮೂಲ ಪಟ್ಟಿಯ ಮೇಲೆಯೇ ತಿದ್ದುತ್ತಾ ಹೋದವನು, ಏನೇನು ತಿದ್ದಿದೆ ಅಂತ ಎಲ್ಲಿಯೂ ಗುರುತು ಇಟ್ಟಿರಲಿಲ್ಲ.

ಡಾಕ್ಟರಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಬಂದರು. “ನನ್ನ ಕಡೆ ಒಬ್ಬಾಕಿ ಪೇಶಂಟ್ ಅದಾಳ್ರಿ, ಅಂಗನವಾಡಿ ಟೀಚರ್. ಈ ವಾರ ಔಷಧ ಸುರು ಮಾಡಬೇಕು. ನಮ್ಮ ರೂಢಿ ಪ್ರಕಾರ ಆದರ ಮೊದಲನೇದು ಕೊಡತಿದ್ದೆ. ನಿಮ್ಮ ಲೆಕ್ಕ ಎರಡನೇದು ಅಂತದ. ಯಾವುದು ಕೊಡ್ಲಿ?”

“ಎರಡನೇದ ಕೊಡ್ರಿ” ಅಂದ.

ಅವರು ಹೋದರು. ಅವರ ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಮಾಡಿ ನೋಡ್ಯಾರೇನ್ರಿ? ಮರುದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಗಡ್ಡೆಯ ಅಂಕಿಗಳನ್ನು ಪರೀಕ್ಷಾಲಯದಿಂದ ಹೊಸದಾಗಿ ತರಿಸಿಕೊಂಡು, ಮೊದಲಿನಿಂದ ಲೆಕ್ಕಕ್ಕೆ ಕೂತ. ಉತ್ತರ ಬರಲಿಲ್ಲ. ಇನ್ನೊಮ್ಮೆ ಮಾಡಿದ. ಬರಲಿಲ್ಲ. ಹೊಸ ಪಟ್ಟಿಯನ್ನೂ ತನ್ನ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಒಂದು ಸಾಲೂ ತನ್ನ ಜಾಗದಲ್ಲಿರಲಿಲ್ಲ.

ಈಗ ಹೇಳಿ, ಏನು ಮಾಡಬೇಕಿತ್ತು? ಡಾಕ್ಟರಮ್ಮನ ನಂಬರು ಅವನ ಹತ್ತಿರವೇ ಇತ್ತು. ಔಷಧ ಇನ್ನೂ ಶುರುವಾಗಿರಲಿಲ್ಲ. ‘ನನ್ನ ಲೆಕ್ಕ ತಪ್ಪಿದೆ, ನಿಮ್ಮ ರೂಢಿಯ ಔಷಧವನ್ನೇ ಕೊಡಿ’ ಅಂದಿದ್ದರೆ ಮುಗಿಯುತ್ತಿತ್ತು. ಫೋನ್ ಕೈಗೆತ್ತಿಕೊಂಡ. ಆಗ ಕಣ್ಣ ಮುಂದೆ ಬಂದದ್ದು ಯಾರು? ಆ ಟೀಚರ್ ಅಲ್ಲ. ಅಚ್ಚಾದ ಪ್ರಬಂಧ ಬಂತು. ನಗುವ ಸಹೋದ್ಯೋಗಿಗಳು ಬಂದರು. ಮುಂದಿನ ತಿಂಗಳ ಪ್ರಶಸ್ತಿ ಬಂತು. ‘ಇರಲಿ, ಪೂರ್ತಿ ಖಾತ್ರಿ ಮಾಡಿಕೊಂಡೇ ಹೇಳೋಣ, ಅವಸರ ಬೇಡ’ ಅಂತ ಫೋನ್ ಕೆಳಗಿಟ್ಟ. ನೋಡಿ, ನೋಡಿ. ಅಲ್ಲಿಯ ತನಕ ಏನನ್ನೂ ಖಾತ್ರಿ ಮಾಡಿಕೊಳ್ಳದ ಮನುಷ್ಯನಿಗೆ ಆ ಗಳಿಗೆಯಲ್ಲಿ ಖಾತ್ರಿಯ ಮೇಲೆ ಎಲ್ಲಿಲ್ಲದ ಭಕ್ತಿ ಹುಟ್ಟಿತು.

ಖಾತ್ರಿ ಮಾಡಿಕೊಂಡ. ಮಾಡಿಕೊಳ್ಳುತ್ತಲೇ ಇದ್ದ. ಪ್ರಶಸ್ತಿಯೂ ಬಂತು. ಹಾರ ಹಾಕಿಸಿಕೊಂಡು ಮನೆಗೆ ಬಂದ ಸಂಜೆ ಅನ್ನದ ತಟ್ಟೆ ಬಿಟ್ಟು ಎದ್ದ. ಕೊನೆಗೆ ಫೋನ್ ಮಾಡಿದ. ಎಲ್ಲವನ್ನೂ ಹೇಳಿದ.

“ಆಕಿ ಹ್ವಾದ ವಾರ ತೀರಿಕೊಂಡ್ಳರಿ” ಅಂದರು ಡಾಕ್ಟರಮ್ಮ. “ಔಷಧ ಹತ್ತಲಿಲ್ಲ.”

“ಮೊದಲನೇದು ಕೊಟ್ಟಿದ್ರ ಉಳೀತಿದ್ಳೇನ್ರಿ?”

“ನನಗೇನು ಗೊತ್ತ್ರಿ. ನಿಮ್ಮ ಲೆಕ್ಕ ಬೇಕಾದಷ್ಟು ಸಲ ಮಾಡಿ ನೋಡಬಹುದು. ಇದನ್ನ ಇನ್ನೊಮ್ಮೆ ಹೆಂಗ ಮಾಡಿ ನೋಡೂದು?”

ಅವರು ಬೈಯಲಿಲ್ಲ. ಫೋನ್ ಇಟ್ಟುಬಿಟ್ಟರು. ಅವನು ಮರುದಿನವೇ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡ, ಪ್ರಶಸ್ತಿಯನ್ನು ಮರಳಿಸಿದ. ಒಳ್ಳೆಯದಾಯಿತು ಅಂತ ತಲೆ ಆಡಿಸುತ್ತಿದ್ದೀರಿ. ಯಾರಿಗೆ ಒಳ್ಳೆಯದಾಯಿತು? ಆ ಅಂಗನವಾಡಿಯ ಮಕ್ಕಳಿಗೆ ಪದ್ಯ ಹೇಳಿಕೊಡಲು ಬೇರೆಯವರು ಬಂದಿದ್ದರು. ಈ ಕಥೆಯಲ್ಲಿ ವಿಜ್ಞಾನಿಗೆ ಹೆಸರಿಡಲಿಲ್ಲ, ಅವನಿಗೆ ಅದು ಮೊದಲೇ ಹೆಚ್ಚಾಗಿತ್ತು. ತೀರಿಕೊಂಡ ಆ ತಾಯಿಗೆ ಮಾತ್ರ ಹೆಸರಿಡುತ್ತೇನೆ. ನೀಲಗಂಗವ್ವ. ಅವನ ಕಂಪ್ಯೂಟರಿನಲ್ಲಿ ಅವಳು ಒಂದು ಸಾಲೂ ಆಗಿರಲಿಲ್ಲ.

ನಾವು ಕಂಪ್ಯೂಟರ್ ಮುಟ್ಟುವವರಲ್ಲ, ಇದು ನಮಗಲ್ಲ ಅಂತ ಆರಾಮಾಗಿ ಕೂತಿದ್ದೀರಲ್ಲ, ನಿಮಗೇ ಹೇಳುತ್ತಿರುವುದು. ಒಂದು ಸಂಬಂಧದ ಬಗ್ಗೆ, ಒಬ್ಬ ಮನುಷ್ಯನ ಬಗ್ಗೆ ನಿಮಗೆ ಬೇಕಾದ ಮಾತು ಕಿವಿಗೆ ಬಿದ್ದರೆ ಅದನ್ನು ಪರೀಕ್ಷೆ ಮಾಡುತ್ತೀರಾ? ಬೇಡದ ಮಾತಿಗೆ ಸಾಕ್ಷಿ ಕೇಳುತ್ತೀರಿ, ಬೇಕಾದ ಮಾತಿಗೆ ಪೇಡೆ ಹಂಚುತ್ತೀರಿ. ಸೊಸೆ ಬಂದು ‘ಅತ್ತೀ, ಹೆಂಗ ಮಾಡಿದ್ರಿ, ತೋರಸ್ರಿ’ ಅಂದರೆ, ಕೈಕೆಳಗಿನವನು ‘ಈ ಲೆಕ್ಕ ಹೇಗೆ ಬಂತು ಸಾರ್’ ಅಂದರೆ, ಮುಖ ಯಾಕೆ ಕಪ್ಪಗಾಗುತ್ತದೆ? ಅದು ಅವಮಾನವಲ್ಲ. ನಿಮ್ಮ ತಪ್ಪು ಹೊರಗೆ ಬರಲು ತೆರೆದುಕೊಂಡ ಒಂದೇ ಬಾಗಿಲು ಅದು. ತೋರಿಸಿ. ಎದುರಿಗೆ ಕೂರಿಸಿಕೊಂಡು, ಮೊದಲಿನಿಂದ, ಒಂದನ್ನೂ ಬಚ್ಚಿಡದೆ ಮಾಡಿ ತೋರಿಸಿ. ನಿಮಗೆ ಇಷ್ಟವಾದ ಉತ್ತರವನ್ನು, ಇಷ್ಟವಾಗದ ಉತ್ತರದಷ್ಟೇ ಅನುಮಾನದಿಂದ ನೋಡಿ.

ತಪ್ಪು ಕಂಡಿತೋ, ಆ ಗಳಿಗೆಯಲ್ಲೇ ಹೇಳಿ. ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಯಾರದೋ ಮುಖ ನೆನಪಾಗಿದೆ, ನನಗೆ ಇಲ್ಲಿಂದ ಕಾಣುತ್ತಿದೆ. ಅಂಥವರು ಮಂಗಳಾರತಿಗೆ ನಿಲ್ಲುವುದು ಬೇಡ. ಪ್ರಸಾದ ಎತ್ತಿಡಿಸುತ್ತೇನೆ. ಎದ್ದು ಹೋಗಿ, ಅವರು ಇನ್ನೂ ಇರುವಾಗಲೇ ಹೇಳಿ ಬನ್ನಿ.