ಕಾಫಿ ಬೇಡವೆಂದವರು

ಕುವೆಂಪುನಗರದ ಕ್ಲಿನಿಕ್ಕಿನಲ್ಲಿ ಅಲಮೇಲು ಹಳೆಯ ವಾರಪತ್ರಿಕೆ ತಿರುವುತ್ತಿದ್ದರೂ ಕಿವಿಯೆಲ್ಲ ಮುಂದಿನ ಬೆಂಚಿನ ಇಬ್ಬರು ಹೆಂಗಸರ ಮೇಲಿತ್ತು.

"ನಮ್ಮ ಮಹಡಿ ಮನೆಗೆ ಅಮೆರಿಕದ ವಯಸ್ಸಾದ ಗಂಡ ಹೆಂಡ್ತಿ ಬಾಡಿಗೆಗೆ ಬಂದಿದಾರಲ್ಲ, ಚರ್ಚಿನ ಸೇವೆಗೆ ಬಂದಿರೋದಂತೆ."

"ಆ ವಯಸ್ಸಲ್ಲಾ? ಏನೋ ಮಸಲತ್ತಿರ್ಬೇಕು ಕಣ್ರೀ."

"ಮೆಟ್ಲು ಅವರೇ ಗುಡಿಸ್ತಾರೆ. ನಮ್ಮತ್ತೆ ಜೊತೆ ಕೂತು ಅವರೆಕಾಳು ಹಿಸುಕ್ತಾರೆ."

"ದೇವರ ಮಾತೆತ್ತಿದ್ರಾ?"

"ಇನ್ನೂ ಇಲ್ಲ. ಆದ್ರೆ ಕಾಫಿ ಕೊಟ್ರೆ ಮುಟ್ಟಲ್ಲ. ಅವರ ಚರ್ಚಲ್ಲಿ ಕುಡಿಯಂಗಿಲ್ವಂತೆ."

"ಮೈಸೂರಿಗೆ ಬಂದು ಕಾಫಿ ಬೇಡ ಅನ್ನೋರನ್ನ ನಂಬೋದೆಂಗ್ರೀ?"

ನರ್ಸು ಹೆಸರು ಕೂಗಿದಳು. ಇಬ್ಬರೂ ಎದ್ದರು. ಮನೆಯೊಡತಿ ದನಿ ತಗ್ಗಿಸಿದರೂ ಅಲಮೇಲುವಿಗೆ ಕೇಳಿಸಿತು.

"ಅವರದಿರ್ಲಿ. ಹಾಸಿಗೇಲೇ ಕಾಫಿ ಕೇಳ್ತಿದ್ದ ನಮ್ಮತ್ತೆ ಇವತ್ತು ಬೆಳಿಗ್ಗೆ ಬೇಡ ಅಂದ್ಬುಟ್ರು ಕಣ್ರೀ."