ಸಾಂಬಾರಿನ ಸಾರ್ವಭೌಮತ್ವ

ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ನನಗೆ ಶಾಲು ಹೊದಿಸಿದ ಸಂಘದ ಮಹಿಳಾ ವಿಭಾಗದವರೇ ಹಾಗೂ ಹಸಿದು ಕುಳಿತಿರುವ ಸಭಿಕರೇ,

‘ವಿಶ್ವರಾಜಕಾರಣದಲ್ಲಿ ಪ್ರಭುತ್ವ ಮತ್ತು ಸಾರ್ವಭೌಮತ್ವ’ ಕುರಿತು ಮಾತಾಡಬೇಕಿದ್ದ ಪ್ರೊಫೆಸರರು ಲೋಕಲ್ ರೈಲುಗಳನ್ನು ನಿಲ್ಲಿಸಿದ ಮೆಗಾಬ್ಲಾಕಿನ ದೆಸೆಯಿಂದ ದಹಿಸರಿನಲ್ಲೇ ಉಳಿದಿದ್ದಾರೆ. ಊಟವೂ ತಡ. ಆದ್ದರಿಂದ ಸನ್ಮಾನಿತನಾದ ನಾನೇ ಅವರ ವಿಷಯವನ್ನೂ ಮಾತಾಡಬೇಕೆಂದು ಅಧ್ಯಕ್ಷರ ಅಪ್ಪಣೆ.

ವಿಲೆ ಪಾರ್ಲೆಯಲ್ಲಿ ಹೋಟೆಲು ನಡೆಸುವವನಿಗೆ ಇದೆಲ್ಲ ಏನು ಗೊತ್ತು ಎನ್ನಬಹುದು. ನಾವು ಕುಳಿತಿರುವ ಈ ಹೋಟೆಲು ಯಾರದು? ನನ್ನದು. ಲೈಸೆನ್ಸು ಯಾರ ಹೆಸರಿನಲ್ಲಿದೆ? ರಮಾನಾಥನ, ಅಂದರೆ ನನ್ನದೇ ಹೆಸರಿನಲ್ಲಿ. ಹಾಗಾದರೆ ಅಡುಗೆಮನೆ ಯಾರದು? ಜಗತ್ತಿನ ಯುದ್ಧಗಳೆಲ್ಲ ಶುರುವಾಗುವುದು ಇಲ್ಲಿಯೇ.

ನಮ್ಮ ಕಡೆಯ ಹೋಟೆಲುಗಳಲ್ಲಿ ಒಂದು ಪದ್ಧತಿಯಿದೆ. ಗಲ್ಲಾ ಧಣಿಯದು, ಒಲೆ ಅಡುಗೆಯವರದು. ಧಣಿಯೂ ಹೊಸ್ತಿಲಲ್ಲಿ ನಿಂತು ಕೇಳಿಯೇ ಒಳಗೆ ಹೋಗಬೇಕು. ನನ್ನ ತಂದೆ ಕೇಳುತ್ತಿದ್ದರು. ಪಾಪ, ಅವರಿಗೆ ವಿಶ್ವರಾಜಕಾರಣ ತಿಳಿದಿರಲಿಲ್ಲ.

ಇಂದು ಬೆಳಿಗ್ಗೆ ನಮ್ಮ ಮುಖ್ಯ ಅಡುಗೆಯವರಾದ ಪೂವಪ್ಪ ಸ್ನಾನಕ್ಕೆ ಹೋಗಿದ್ದಾಗ ನಾನು ಗಡಿ ದಾಟಿ, ನಿಮ್ಮ ಊಟಕ್ಕೆಂದು ಕುದಿಯುತ್ತಿದ್ದ ಸಾಂಬಾರಿಗೆ ಒಂದು ಅಚ್ಚು ಬೆಲ್ಲ ಹಾಕಿದೆ. ಇದು ಆಕ್ರಮಣವೇ? ಅಲ್ಲ, ಮಾನವೀಯ ಹಸ್ತಕ್ಷೇಪ. ಸುತ್ತಲಿನ ಗುಜರಾತಿ ಗಿರಾಕಿಗಳು ಬಹುಕಾಲದಿಂದ ಸಿಹಿಗಾಗಿ ಮೊರೆಯಿಡುತ್ತಿದ್ದರು. ಇಂದು ಪ್ರಯೋಗ ಮಾಡಿದೆ. ಬಲಿಷ್ಠ ರಾಷ್ಟ್ರಗಳು ಮಾಡುವುದೂ ಇದನ್ನೇ. ನಾನಾದರೂ ಸೌಟು ತೊಳೆದಿಟ್ಟು ಬಂದೆ.

ಪೂವಪ್ಪ ಬಂದು ರುಚಿ ನೋಡಿದರು. ಸಾಂಬಾರನ್ನೆಲ್ಲ ಮೋರಿಗೆ ಸುರಿದು, ಒಲೆ ಆರಿಸಿ, ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಗ್ಯಾಸು ನನ್ನದು, ಬೇಳೆ ನನ್ನದು. ನಾನು ಹೇಳಿದರೂ ಒಳಗಿದ್ದ ಒಬ್ಬರೂ ಒಲೆ ಹಚ್ಚಲಿಲ್ಲ.

ನನ್ನ ಹೆಂಡತಿ ಪ್ರಫುಲ್ಲಾ ಸಂಧಾನಕ್ಕೆ ಹೋದಳು. ತಟಸ್ಥಳೆಂದು ನಂಬಿದ್ದೆ. ಆ ಆರಿದ ಒಲೆಯ ಅಡುಗೆಮನೆಯಿಂದ ಅವಳು ಬಿಸಿ ಕಾಫಿ ಕುಡಿಯುತ್ತ ಹೊರಬಂದಳು. ಮಿತ್ರರಾಷ್ಟ್ರಗಳಿಗೆ ಬೇರೆ ನೀತಿ. ಅವಳು ತಂದ ಷರತ್ತು ಇಷ್ಟು: ಮೈಕಿನಲ್ಲಿ, ಎಲ್ಲರ ಎದುರು, ನಾನು ಆ ಗಡಿಯನ್ನು ಒಪ್ಪಬೇಕು. ಇಲ್ಲವಾದರೆ ಪೂವಪ್ಪ ಇಂದೇ ಎದುರಿನ ಹೋಟೆಲಿನಲ್ಲಿ ಆಶ್ರಯ ಕೋರುತ್ತಾರೆ. ಎದುರಿನ ಹೋಟೆಲಿನ ಧಣಿಗಳು ಮುಂದಿನ ಸಾಲಿನಲ್ಲೇ ಇದ್ದಾರೆ. ಆಗಿನಿಂದ ನಗುತ್ತಿದ್ದಾರೆ.

ಧಣಿಯಾಗಿ ಅದು ನನ್ನಿಂದಾಗದು ಎಂದೆ. “ನಿಮ್ಮ ಅಪ್ಪ ಕೇಳಿ ಬರ್ತಿದ್ರು ಮಾರಾಯ್ರೆ, ಅವರ ಕಿರೀಟ ಬಿದ್ದಿತ್ತಾ?” ಎಂದಳು ಪ್ರಫುಲ್ಲಾ.

ಸಭಿಕರೇ, ಇಷ್ಟು ಹೊತ್ತು ನಾನು ಜಗತ್ತು ಸುತ್ತಿದ್ದು ಆ ಒಂದು ಮಾತನ್ನು ಹೇಳದೆ ತಪ್ಪಿಸಿಕೊಳ್ಳಲೆಂದು. ನೀವು ಗಡಿಯಾರ ನೋಡುತ್ತಿದ್ದೀರಿ. ಪೂವಪ್ಪ ಅಗೋ, ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾರೆ.

ಪೂವಪ್ಪ, ಅಡುಗೆಮನೆ ನಿಮ್ಮದು. ಇನ್ನು ಕೇಳದೆ ಬರುವುದಿಲ್ಲ.

ಒಲೆ ಹತ್ತಿತು, ಕೇಳಿಸಿತೇ? ಬೇಳೆ ಬೇಯುವವರೆಗೆ ದಯವಿಟ್ಟು ಕೂತಿರಿ. ಪೂವಪ್ಪ, ಈಗ ಒಮ್ಮೆ ಒಳಗೆ ಬಂದು ನೋಡಬಹುದೇ?

ತಲೆಯಲ್ಲಾಡಿಸುತ್ತಿದ್ದಾರೆ. ಬೇಡವಂತೆ.

ಇರಲಿ. ಕೇಳುವುದು ನನ್ನ ಧರ್ಮ, ಬೇಡವೆನ್ನುವುದು ಅವರ ಹಕ್ಕು. ಪ್ರೊಫೆಸರರು ಬಂದಿದ್ದರೂ ಇದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ನಿಮ್ಮ ಶಾಲಿಗೂ ತಾಳ್ಮೆಗೂ ಧನ್ಯವಾದ. ಎಲ್ಲರಿಗೂ ನಮಸ್ಕಾರ. ಪೂವಪ್ಪ, ನಿಮಗೂ.